ಹನ್ನಾ ಮೇಡಂ ಬಿಟ್ಟ ಹೆಸರು

ನಮ್ಮ ಹೊಲಿಗೆ ಯೂನಿಟ್‌ನಲ್ಲಿ ಬೆಳಿಗ್ಗೆ ಮಿಷನ್ ಸ್ವಿಚ್ ಹಾಕುವ ಮೊದಲು ದೇವರಿಗೆ ವರದಿ ಒಪ್ಪಿಸುವ ಕಾರ್ಯಕ್ರಮ ಇರುತ್ತದೆ. ಒಪ್ಪಿಸುವುದು ನಾವಲ್ಲ, ನಮ್ಮ ಓನರ್ ಹನ್ನಾ ಮೇಡಂ. ಕಟಿಂಗ್ ಟೇಬಲ್ ಹತ್ತಿರ ನಿಂತು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಶುರು ಮಾಡುತ್ತಾರೆ. ಬಾಗಿಲ ಕಡೆಯಿಂದ ಹಿಡಿದು ಕಿಟಕಿ ಕಡೆ ತನಕ, ಯಾರು ಎಲ್ಲಿ ಕೂರುತ್ತಾರೋ ಅದೇ ಸಾಲಿನಲ್ಲಿ ಒಬ್ಬೊಬ್ಬರ ಹೆಸರು ಬರುತ್ತದೆ. ಕರ್ತನೇ, ಮುನಿಲಕ್ಷ್ಮಮ್ಮನ ಮಂಡಿನೋವು ಕಡಿಮೆ ಮಾಡು. ಕರ್ತನೇ, ವೆಂಕಟೇಶನ ಮಗಳಿಗೆ ಪಿಯುಸಿಯಲ್ಲಿ ಬುದ್ಧಿ ಕೊಡು. ಎಲ್ಲರದೂ ಮುಗಿದ ಮೇಲೆ ಕಿಟಕಿ ಪಕ್ಕದ ನಾನು. ಕರ್ತನೇ, ಕಲಾವತಿಯ ಸಿಟ್ಟನ್ನು ಸ್ವಲ್ಪ ಇಳಿಸು. ಅದಾದ ಮೇಲೆ ಆಮೆನ್.

ನನಗೆ ಸಿಟ್ಟು ಬೇಗ ಬರುತ್ತದೆ ಅನ್ನುವುದನ್ನು ದೇವರಿಗೆ ಬೇರೆ ಹೇಳಬೇಕಾಗಿರಲಿಲ್ಲ, ರಾಜಾಜಿನಗರದ ಆ ಇಡೀ ಗಲ್ಲಿಗೆ ಗೊತ್ತು. ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ನಮ್ಮ ಮೆಟ್ಟಿಲಿಗೆ ಅಡ್ಡ ಪೈಪು ಇಟ್ಟರೆ ಇಳಿದು ಹೋಗಿ ಜಗಳ ಮಾಡುವವಳು ನಾನೇ. ನಾನು ಗದಗ ಕಡೆಯವಳು, ಕೊರಳಲ್ಲಿ ಲಿಂಗ ಇದೆ. ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಲ್ಲುತ್ತೇನೆ, ಅದು ಮರ್ಯಾದೆ. ಆದರೆ ಕಣ್ಣು ಮುಚ್ಚುವುದಿಲ್ಲ, ಆಮೆನ್ ಅನ್ನುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಟಿಂಗ್ ಮಾಸ್ಟರ್ ವೆಂಕಟೇಶ್, ನೋಡ್ತಾ ಇರು, ಸ್ವಲ್ಪ ದಿನದಲ್ಲೇ ನಿನ್ನನ್ನೂ ಚರ್ಚಿಗೆ ಎಳಕೊಂಡು ಹೋಗ್ತಾರೆ ಎಂದು ಹೆದರಿಸಿದ್ದ. ಯಾರೂ ಎಳೆಯಲಿಲ್ಲ. ಕಣ್ಣು ಯಾಕೆ ಮುಚ್ಚಲ್ಲ ಅಂತಲೂ ಮೇಡಂ ಕೇಳಲಿಲ್ಲ.

ಈ ಪ್ರಾರ್ಥನೆ ಶುರು ಮಾಡಿದ್ದು ಅವರ ಯಜಮಾನರು ದೇವಪ್ರಸಾದ್ ಸಾರ್ ಅಂತೆ. ನಾನು ಅವರನ್ನು ಕಂಡಿಲ್ಲ, ಗೋಡೆಯ ಮೇಲಿನ ಫೋಟೋ ನೋಡಿದ್ದೇನೆ ಅಷ್ಟೆ. ಅವರು ಹೋದ ಮೇಲೂ ಮೇಡಂ ಒಂದನ್ನೂ ಬದಲಾಯಿಸಿಲ್ಲ. ಸ್ಕೂಲು ಶುರುವಾಗುವ ಮುಂಚೆ ಯೂನಿಫಾರ್ಮಿಗೆ ಎಲ್ಲರೂ ಬಾಯಿ ಬಡಿದುಕೊಳ್ಳುವಾಗಲೂ ಭಾನುವಾರ ಮಿಷನ್ ಓಡುವುದಿಲ್ಲ. ಆಯುಧಪೂಜೆಯ ದಿನ ನಾವು ಮಿಷನ್ನಿಗೆ ಕುಂಕುಮ ಹಚ್ಚಿ ಹೂ ಇಡುವಾಗ ಅವರು ಲಾಡಿನ ಡಬ್ಬ ಹಿಡಿದು ಹೊರಗೆ ಮೆಟ್ಟಿಲ ಮೇಲೆ ನಿಂತಿರುತ್ತಾರೆ, ಮಂಗಳಾರತಿ ಮುಗಿಯಿತು ಅಂದ ಮೇಲೆ ಒಳಗೆ ಬಂದು ಹಂಚುತ್ತಾರೆ. ಬೈಯುವುದಂತೂ ಇಲ್ಲವೇ ಇಲ್ಲ. ಕಾಲರ್ ಸೊಟ್ಟ ಹೊಲಿದರೆ ಪಕ್ಕದಲ್ಲಿ ಕೂತು ತಾವೇ ಬಿಚ್ಚುತ್ತಾರೆ. ಮರುದಿನ ಬೆಳಿಗ್ಗೆ, ಕರ್ತನೇ, ಕಾಲರ್ ಹೊಲಿಯುವ ಕೈಗಳನ್ನು ನೀನೇ ನಡೆಸು ಎಂದು ಬರುತ್ತದೆ. ಯಾರ ಕೈ ಅಂತ ಎಲ್ಲರಿಗೂ ಗೊತ್ತು. ಬೈಯುವ ಓನರ್ ಆದರೆ ತಿರುಗಿ ಬೈಯಬಹುದು, ಇವರಿಗೆ ಏನು ಮಾಡುತ್ತೀರಿ?

ಮಧ್ಯಾಹ್ನ ನಾವೆಲ್ಲ ಕಟಿಂಗ್ ಟೇಬಲ್ ಸುತ್ತ ಕೂತು ಊಟ ಮಾಡುತ್ತೇವೆ. ಮೇಡಂ ಮಾತ್ರ ತಮ್ಮ ಕ್ಯಾಬಿನ್ನಿನಲ್ಲಿ, ಬಾಗಿಲು ಹಾಕಿಕೊಂಡು ಒಬ್ಬರೇ. ಮೊದಲು ಹಾಗಿರಲಿಲ್ಲವಂತೆ, ಎಲ್ಲರ ಜೊತೆಗೇ ಕೂರುತ್ತಿದ್ದರಂತೆ. ನಾನು ಸೇರಿದ ದಿನ ಅವರು ಡಬ್ಬಿ ತೆಗೆದರು, ಒಳಗೆ ಮೀನು. ನಮ್ಮ ಮನೆಯಲ್ಲಿ ಈರುಳ್ಳಿ ಬಿಟ್ಟರೆ ಬೇರೆ ವಾಸನೆ ಇಲ್ಲ. ನಾನು ಎದ್ದು ಕಿಟಕಿ ತೆಗೆದೆ, ಅಷ್ಟೆ, ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಮಾರನೆಯ ದಿನದಿಂದ ಅವರು ಒಳಗೆ ಹೋದರು. ತಾನು ತಿನ್ನುವುದರಿಂದ ಇನ್ನೊಬ್ಬರಿಗೆ ಊಟ ಸೇರದ ಹಾಗೆ ಆಗಬಾರದು, ಅದು ಅವರ ಧರ್ಮದಲ್ಲಿದೆ ಎಂದು ಮುನಿಲಕ್ಷ್ಮಮ್ಮ ಆಮೇಲೆ ನನಗೆ ಹೇಳಿದಳು. ಕಾಜ ಹಾಕುವ ಮುನಿಲಕ್ಷ್ಮಮ್ಮ ಯೂನಿಟ್ ಶುರುವಾದಾಗಿನಿಂದ ಇದ್ದಾಳೆ, ಅವಳಿಗೆ ಗೊತ್ತಿಲ್ಲದ್ದು ಇಲ್ಲ.

ಇನ್ನು ನನ್ನ ವಿಷಯ. ಲಗ್ಗೆರೆಯಲ್ಲಿ ಎರಡನೇ ಮಹಡಿಯಲ್ಲಿ ಒಂದು ರೂಮು. ಗಂಡ ಮುತ್ತುರಾಜ ಟಾಟಾ ಏಸ್ ಓಡಿಸುತ್ತಿದ್ದ. ಇಲ್ಲೇ ಬೆಂಗಳೂರಿನ ಉಲ್ಲಾಳದ ಕಡೆ ಲೋಡಿಗೆ ಹೋಗಿ ಬರುತ್ತಿದ್ದವನು ಅಲ್ಲೇ ಒಬ್ಬಳ ಮನೆಯಲ್ಲಿ ಉಳಿದುಬಿಟ್ಟ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ, ಆಮೇಲೆ ಇಲ್ಲ. ನಾನು ಯಾರಿಗೂ ಹೇಳಲಿಲ್ಲ. ಅತ್ತೆಗೆ ಲಕ್ವ ಹೊಡೆದಿದೆ, ನೋಡಿಕೊಳ್ಳಲು ಊರಿಗೆ ಹೋಗಿದ್ದಾರೆ ಎಂದು ಯೂನಿಟ್‌ನಲ್ಲಿ ಕತೆ ಕಟ್ಟಿದ್ದೆ. ನಮ್ಮ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಾಪ, ಮೇಡಂ ಸತ್ತವಳಿಗೆ ಬೆಳಿಗ್ಗೆ ಬೆಳಿಗ್ಗೆ ಆರೋಗ್ಯ ಬೇಡುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು, ಮನೆಗೆ ಹೋದ ಮೇಲೆ ಅದೇ ನೆನಪಾಗಿ ಅಳು ಬರುತ್ತಿತ್ತು.

ಆ ಸುಳ್ಳೇ ನನ್ನ ಮರ್ಯಾದೆಯಾಗಿತ್ತು. ಗಂಡ ಬಿಟ್ಟವಳು ಎಂದು ಓಣಿಯಲ್ಲಿ ಗೊತ್ತಾದರೆ ಜನ ಹೇಗೆ ನೋಡುತ್ತಾರೆ ಎಂದು ಚೆನ್ನಾಗಿ ಗೊತ್ತಿದ್ದರಿಂದ ಲಗ್ಗೆರೆಯಲ್ಲಿ ಯಾರ ಜೊತೆಗೂ ಹೆಚ್ಚು ಮಾತಿಟ್ಟುಕೊಂಡಿರಲಿಲ್ಲ. ಊರಲ್ಲಿ ಅಣ್ಣ ಇದ್ದಾನೆ, ಅವನ ಹೆಂಡತಿ ಫೋನ್ ಎತ್ತುವುದಿಲ್ಲ. ಈ ಬೆಂಗಳೂರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ಜಾಗ ಇದ್ದದ್ದು ಆ ಯೂನಿಟ್ ಒಂದೇ. ಅಲ್ಲೂ ತಲೆ ತಗ್ಗಿಸುವಂತಾದರೆ ಎಲ್ಲಿಗೆ ಹೋಗಲಿ ಅನ್ನುವ ಭಯ ನನಗೆ.

ಒಂದು ಭಾನುವಾರ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ವಾಪಸ್ ಬರುವಾಗ ಅತ್ತಿಗುಪ್ಪೆ ಮೆಟ್ರೋ ಕೆಳಗೆ ಮುತ್ತುರಾಜನನ್ನು ಕಂಡೆ. ಹೆಗಲ ಮೇಲೆ ಒಂದು ಮಗು ಕೂತಿತ್ತು, ಅವನ ಕೂದಲು ಹಿಡಿದುಕೊಂಡು. ನಮಗೆ ಮಕ್ಕಳಾಗಿರಲಿಲ್ಲ. ಡಾಕ್ಟರಿಂದ ಡಾಕ್ಟರಿಗೆ ನಾನೊಬ್ಬಳೇ ಅಲೆದಿದ್ದೆ, ಇವನು ಒಂದು ಸಲವೂ ಜೊತೆಗೆ ಬಂದವನಲ್ಲ. ಅವನು ನನ್ನನ್ನು ನೋಡಲಿಲ್ಲ. ಮಗುವಿಗೆ ಬಲೂನು ಕೊಡಿಸುತ್ತಿದ್ದ. ಆ ಕ್ಷಣ ನನಗೆ ಅವನ ಮೇಲಿನ ಆಸೆ ಪೂರ್ತಿ ಹೋಯಿತು, ನಿಜವಾಗಿ ಹೋಯಿತು. ಉಳಿದದ್ದು ಖಾಲಿ.

ಸೋಮವಾರ ಎಷ್ಟು ಸಲ ಪೋಣಿಸಿದರೂ ಸೂಜಿಗೆ ದಾರ ಹೋಗಲೇ ಇಲ್ಲ. ಮೇಡಂ ಕ್ಯಾಬಿನ್ನಿಗೆ ಕರೆದು ಕೂರಿಸಿದರು. ಏನಾಯಿತು ಎಂದು ಒಂದೇ ಸಲ ಕೇಳಿದರು. ನನ್ನ ಬಾಯಿಂದ ಎಲ್ಲವೂ ಬಂತು, ಉಲ್ಲಾಳ, ಮಗು, ಸತ್ತ ಅತ್ತೆ. ಯಾರಿಗೂ ಹೇಳಬೇಡಿ ಎಂದು ಕೈಮುಗಿದೆ. ಅವರು ನನ್ನ ಕೈ ಹಿಡಿದುಕೊಂಡರು. "ನನ್ನ ಬಾಯಿಂದ ಯಾರಿಗೂ ಹೋಗಲ್ಲ ಕಲಾ" ಅಂದರು. ನಾನು ನಂಬಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದರು. ಮುನಿಲಕ್ಷ್ಮಮ್ಮನ ಮಂಡಿ ಆಯಿತು, ವೆಂಕಟೇಶನ ಮಗಳು ಆಯಿತು. ಆಮೇಲೆ ನನ್ನ ಜಾಗ ಬಂತು. ಕರ್ತನೇ, ನಿನ್ನ ಮಗಳು ಕಲಾವತಿಯ ಕಣ್ಣೀರು ನೋಡು, ಪರಸ್ತ್ರೀಯ ಮನೆಯಲ್ಲಿರುವ ಅವಳ ಗಂಡನ ಮನಸ್ಸು ತಿರುಗಿಸು, ಅವನನ್ನು ಮನೆಗೆ ಕರೆದು ತಾ, ನೀನು ಕೂಡಿಸಿದ್ದನ್ನು ಮನುಷ್ಯರು ಅಗಲಿಸದಿರಲಿ. ಇನ್ನೂ ಏನೇನೋ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಕಣ್ಣು ತೆರೆದುಕೊಂಡು ನಿಂತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ನೋಡಿದರೆ ಎಲ್ಲರ ಕಣ್ಣೂ ತೆರೆದಿತ್ತು, ಎಲ್ಲವೂ ನನ್ನ ಮೇಲೆ ಇತ್ತು. ವೆಂಕಟೇಶ್ ತಕ್ಷಣ ನೆಲ ನೋಡಿದ.

ಆಮೆನ್ ಅನ್ನುವವರೆಗೂ ನಿಲ್ಲಲಿಲ್ಲ. ಬ್ಯಾಗ್ ತೆಗೆದುಕೊಂಡು ಮೆಟ್ಟಿಲು ಇಳಿದೆ. ಲಗ್ಗೆರೆ ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಮೇಡಂ ಬೇಕೆಂದು ಆಡಿಕೊಂಡಿದ್ದರೆ ಆ ಹೆಂಗಸಿನ ಜನ್ಮ ಜಾಲಾಡಿಬಿಡುತ್ತಿದ್ದೆ. ಆದರೆ ಅಳುತ್ತಾ ನನ್ನ ಮಾನ ಕಳೆದವರನ್ನು ಹೇಗೆ ಬೈಯಲಿ? ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಗಂಡ ವಾಪಸ್ ಬರಲಿ ಎಂದು ನಾನು ಯಾವಾಗ ಕೇಳಿದ್ದೆ?

ಮನೆಯಲ್ಲೇ ಉಳಿದೆ. ಎರಡನೇ ಮಹಡಿಯ ಆ ರೂಮಿನಲ್ಲಿ ಹಗಲು ಹೊತ್ತು ಇದ್ದು ನನಗೆ ಅಭ್ಯಾಸವೇ ಇರಲಿಲ್ಲ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಕಟ್ಟಡದಲ್ಲಿ ನೀರಿನ ಮೋಟಾರು ಬಿಟ್ಟರೆ ಸದ್ದಿಲ್ಲ. ಅನ್ನ ಮಾಡಿಕೊಳ್ಳುವುದು, ಗೋಡೆ ನೋಡಿಕೊಂಡು ತಿನ್ನುವುದು, ತಟ್ಟೆ ತೊಳೆದು ಬೋರಲು ಹಾಕುವುದು. ಫೋನು ಎದುರಿಗೇ ಇಟ್ಟುಕೊಂಡಿದ್ದೆ. ಯಾರಾದರೂ ಮಾಡಿದರೆ ಎತ್ತಬಾರದು ಎಂದು ಶಪಥ ಬೇರೆ. ಸಾಲ ಕೊಡುತ್ತೇವೆ ಅನ್ನುವ ಹುಡುಗಿಯೊಬ್ಬಳು ಫೋನ್ ಮಾಡಿದಳು. ಬೇಡ ಅನ್ನಲಿಕ್ಕೂ ಬೇಜಾರಾಗಿ ಅವಳು ಹೇಳಿದ್ದನ್ನೆಲ್ಲ ಕೇಳಿದೆ, ಊಟ ಆಯ್ತಾ ಅಂತಲೂ ಕೇಳಿದೆ. ಅವಳು ಹೆದರಿ ಫೋನಿಟ್ಟಳು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಮೇಡಂ, ಚರ್ಚಿಗೆ ಉಡುವ ಬಿಳಿ ಸೀರೆಯಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದಾರೆ. ಚರ್ಚಿನ ಹೊತ್ತು ಅದು. ಜ್ವರ ಬಂದಾಗಲೂ ಭಾನುವಾರದ ಆರಾಧನೆ ತಪ್ಪಿಸದ ಹೆಂಗಸು. ಬಾಗಿಲಲ್ಲೇ ನಿಲ್ಲಿಸಿ ಏನು ಬಂದಿರಿ ಅಂದೆ. ಇವತ್ತು ಚರ್ಚಿನಲ್ಲಿ ಪ್ರಭುಭೋಜನ ಇದೆ, ಕರ್ತನ ನೆನಪಿಗೆ ರೊಟ್ಟಿ ಹಂಚುತ್ತಾರೆ, ನಾನು ನೋಯಿಸಿದವರು ಮನೆಯಲ್ಲಿ ಕೂತಿರುವಾಗ ಹೋಗಿ ಆ ರೊಟ್ಟಿ ಮುಟ್ಟುವ ಹಾಗಿಲ್ಲ, ಮೊದಲು ಇಲ್ಲಿಗೆ ಬರಬೇಕಿತ್ತು ಅಂದರು. ಆಮೇಲೆ ಅವರು ಕೈಮುಗಿದರು. ನನಗಿಂತ ಎಷ್ಟು ದೊಡ್ಡವರು, ನನಗೆ ಸಂಬಳ ಕೊಡುವವರು, ಲಗ್ಗೆರೆಯ ಮೆಟ್ಟಿಲ ಮೇಲೆ ನನಗೆ ಕೈಮುಗಿದು ನಿಂತರು.

"ದೇವರ ಹತ್ರ ಮಾತ್ರ ಹೇಳ್ತಾ ಇದೀನಿ ಅಂದ್ಕೊಂಡೆ ಕಲಾ. ಕಣ್ಣು ಮುಚ್ಚಿದ್ಮೇಲೆ ನೀವೆಲ್ಲ ಅಲ್ಲಿದ್ದೀರಿ ಅನ್ನೋದೇ ನಂಗೆ ಮರ್ತುಹೋಗುತ್ತೆ."

ಒಳಗೆ ಕರೆದು ಚಾಪೆ ಹಾಸಿದೆ. ಕೂತರು. ಆಗ ನಾನು ಬಿಟ್ಟೆ ನೋಡಿ, ಕಟ್ಟಿಟ್ಟದ್ದನ್ನೆಲ್ಲ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಊರಿನ ಮಾತೇ ಬರುವುದು. ನಿಮ್ಮ ದೇವರಿಗೆ ಕಿವಿ ಮಂದ ಏನ್ರಿ, ಗಟ್ಟಿಯಾಗಿ ಹೇಳಿದರೇ ಕೇಳುತ್ತದಾ ಅಂದೆ. ಇನ್ನು ನನ್ನ ಹೆಸರು ನಿಮ್ಮ ಪ್ರಾರ್ಥನೆಯಲ್ಲಿ ಬರಕೂಡದು ಅಂದೆ. ಗಂಡನ ವಿಷಯದಲ್ಲಿ ನೀವು ಬೇಡಿದ್ದೇ ತಪ್ಪು ಎಂದು ಹೇಳಬೇಕು ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಅವರ ಕಣ್ಣು ಬೋರಲು ಹಾಕಿದ್ದ ನನ್ನ ಒಂದೇ ತಟ್ಟೆಯ ಮೇಲೆ ನಿಂತದ್ದು ಕಂಡು ಸುಮ್ಮನಾದೆ.

"ಆಯ್ತಮ್ಮ. ದೇವರ ಮುಂದೆ ಮಾತು ಕೊಡ್ತೀನಿ, ಇನ್ಮೇಲೆ ಅಲ್ಲಿ ನಿನ್ನ ಹೆಸರು ಎತ್ತಲ್ಲ. ಕೆಲಸಕ್ಕೆ ಬಾ" ಅಂದರು. ಟೀ ಕೊಟ್ಟೆ, ಕುಡಿದರು. ಹೋಗುವಾಗ ನಿಧಾನವಾಗಿ, ಗೋಡೆ ಹಿಡಿದುಕೊಂಡು ಇಳಿದರು. ಗೆದ್ದೆ ಅನ್ನಿಸಿತು ನನಗೆ.

ಸೋಮವಾರ ಹೋದೆ. ಯಾರೂ ಏನೂ ಕೇಳಲಿಲ್ಲ. ಮೇಡಂ ಕಣ್ಣು ಮುಚ್ಚಿದರು, ಬಾಗಿಲ ಕಡೆಯಿಂದ ಶುರುವಾಯಿತು, ಮಂಡಿ, ಮಗಳು, ಒಬ್ಬೊಬ್ಬರದೂ. ನನ್ನ ಜಾಗ ಬಂದಾಗ ಅವರು ಬಾಯಿ ಮುಚ್ಚಿದರು. ಒಂದು ಉಸಿರು ಎಳೆದುಕೊಂಡು ಬಿಡುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಆಮೆನ್. ಎಲ್ಲರೂ ಸ್ವಿಚ್ ಹಾಕಿದರು. ನಾನು ಬಾಬಿನ್ ಹಾಕಲು ಹೋಗಿ ಕೆಳಗೆ ಬೀಳಿಸಿದೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರೂ ನನ್ನ ವಿಷಯದಲ್ಲಿ ಭಾರೀ ಒಳ್ಳೆಯವರಾಗಿಬಿಟ್ಟಿದ್ದರು. ಮುನಿಲಕ್ಷ್ಮಮ್ಮ ಕೇಳದೆಯೇ ಉಪ್ಪಿನಕಾಯಿ ಹಾಕಿದಳು. ವೆಂಕಟೇಶ್ ತನ್ನ ಹೆಂಡತಿ ಮೇಲೆ ಏನೋ ತಮಾಷೆ ಶುರು ಮಾಡಿದವನು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಗಂಡ, ಮಗು, ಮದುವೆ, ಸೀಮಂತ ಯಾವುದನ್ನೂ ನನ್ನೆದುರು ಎತ್ತುವ ಹಾಗಿಲ್ಲ ಎಂದು ಅವರವರಲ್ಲೇ ತೀರ್ಮಾನವಾಗಿರಬೇಕು. ಅದನ್ನೆಲ್ಲ ತೆಗೆದರೆ ಮಾತಾಡಲು ಉಳಿಯುವುದಾದರೂ ಏನು? ಎಲ್ಲರೂ ಮಳೆ ಬರುತ್ತದಾ ಎಂದು ಮಾತಾಡಿದರು. ಮೊದಲಾದರೆ ನನ್ನ ಜೊತೆ ಜಗಳವಾಡುತ್ತಿದ್ದರು, ಅಣಕಿಸುತ್ತಿದ್ದರು. ಈಗ ಯಾರೂ ಎದುರು ಮಾತಾಡುವುದಿಲ್ಲ. ಕೆಲವು ದಿನ ನೋಡಿ, ಕಾಲು ನೋವು ಎಂದು ನೆಪ ಹೇಳಿ ನನ್ನ ಮಿಷನ್ ಹತ್ತಿರವೇ ಡಬ್ಬಿ ತೆಗೆಯಲು ಶುರು ಮಾಡಿದೆ. ಯಾರೂ ಬಾ ಎಂದು ಕರೆಯಲಿಲ್ಲ. ಅವರಿಗೂ ಹಗುರಾಯಿತು ಅನ್ನುವುದು ಅವರ ನಗು ಜೋರಾದಾಗ ಗೊತ್ತಾಯಿತು.

ನಾನು ಇತ್ತ ಗೋಡೆಗೆ ಮುಖ ಮಾಡಿ ಒಬ್ಬಳೇ, ಮೇಡಂ ಅತ್ತ ಕ್ಯಾಬಿನ್ನಿನಲ್ಲಿ ಒಬ್ಬರೇ. ಮಧ್ಯೆ ಇರುವುದು ಒಂದು ಪ್ಲೈವುಡ್ ಬಾಗಿಲು. ಅವರ ಚಮಚದ ಸದ್ದು ನನಗೆ ಕೇಳುತ್ತಿತ್ತು. ಅವರಿಗೂ ನನ್ನದು ಕೇಳುತ್ತಿದ್ದಿರಬೇಕು.

ಬೆಳಿಗ್ಗೆಯ ಆ ಒಂದು ಉಸಿರಿಗೆ ನಾನು ಕಾಯತೊಡಗಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದು ನಿಜ. ಮೇಡಂ ನನ್ನ ಹೆಸರು ಹೇಳುತ್ತಿದ್ದಾಗ ಕಿರಿಕಿರಿಯಾಗುತ್ತಿತ್ತು, ಈಗ ಅದು ಬರದಿದ್ದಾಗ ಆಮೆನ್ ಆದ ಮೇಲೂ ಸ್ವಿಚ್ ಹಾಕದೆ ನಿಂತಿರುತ್ತಿದ್ದೆ. ಸಿಟ್ಟು ಇಳಿಸು ಅಂತಲಾದರೂ ಹೇಳಬಾರದೇ? ಒಂದು ದಿನ ತಡೆಯಲಾರದೆ, ಕಾಜದ ದಾರ ಕೇಳುವ ನೆಪದಲ್ಲಿ ಕ್ಯಾಬಿನ್ನಿಗೆ ಹೋಗಿ, ನನ್ನ ಹೆಸರು ಹೇಳಿದ್ರೆ ಈಗೇನೂ ಬೇಜಾರಿಲ್ಲ ಎಂದು ಗೊಣಗಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ದೇವರ ಮುಂದೆ ಕೊಟ್ಟ ಮಾತು ಕಲಾ, ನಾನು ಮೀರಲಾರೆ, ಆ ಜಾಗ ಬಂದಾಗ ಸುಮ್ಮನಿರುತ್ತೇನಲ್ಲ, ಮನಸ್ಸಿನಲ್ಲೂ ಹೆಸರು ಎತ್ತುವುದಿಲ್ಲ, ಸುಮ್ಮನೆ ನಿಲ್ಲುತ್ತೇನೆ ಅಷ್ಟೆ ಅಂದರು. ಹೇಳುವಾಗ ಅವರಿಗೇ ನೋವಾಗುತ್ತಿತ್ತು. ಇಂಥ ಜನದ ಹತ್ತಿರ ಜಗಳ ಗೆಲ್ಲಲೇಬಾರದು, ಗೆದ್ದದ್ದನ್ನು ವಾಪಸ್ ಕೊಡಲು ಆಗುವುದಿಲ್ಲ.

ಆ ರಾತ್ರಿ ಅನ್ನ ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ, ಬೀಗದ ಕೈ ತಂದ ವೆಂಕಟೇಶನ ಹಿಂದೆಯೇ ಮೆಟ್ಟಿಲು ಹತ್ತಿ ಮಿಷನ್ ಒರೆಸಿ ಕೂತೆ. ಮೇಡಂ ಬಂದರು. ಸೆರಗು ಎಳೆದುಕೊಂಡರು. ಮಂಡಿ ಆಯಿತು, ಮಗಳು ಆಯಿತು, ಉಳಿದವರದೂ ಆಯಿತು. ನನ್ನ ಜಾಗ ಬಂತು. ಅವರು ಸುಮ್ಮನಾದರು.

"ಒಂದ್ ಮಾತು ತಪ್ಪು ಬೇಡಿದ್ರಿ ಮೇಡಂ ನೀವು" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಎಲ್ಲರೂ ತಿರುಗಿದರು. ಈಗ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. "ಅಂವ ತಿರುಗಿ ಬರೋದು ನನಗ ಬ್ಯಾಡ. ಅಲ್ಲೇ ಆ ಕೂಸಿನ ಸಂಗಾಟ ಚಲೋ ಇರ್ಲಿ. ನನಗ ಊಟಕ್ಕ ಬಾಜೂಕ ಒಬ್ರು ಕೂಡಬೇಕು. ಅಷ್ಟ ಸಾಕು."

ಮೇಡಂ ಕಣ್ಣು ತೆರೆದರು. ಪ್ರಾರ್ಥನೆಯ ಮಧ್ಯೆ ಅವರು ಕಣ್ಣು ತೆರೆದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಾಲಿನ ಉದ್ದಕ್ಕೂ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು, ಕೊನೆಗೆ ನನ್ನನ್ನು. ಏನೋ ಹೇಳಲು ಹೋಗಿ, ಕೊಟ್ಟ ಮಾತು ನೆನಪಾಗಿ, ತುಟಿ ಕಚ್ಚಿಕೊಂಡರು. ಆಮೆನ್ ಅಂದವಳು ಮುನಿಲಕ್ಷ್ಮಮ್ಮ. ಉಳಿದವರು ಹಿಂದೆಯೇ ಅಂದರು. ನಾನೂ ಅಂದೆ.

ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ನನ್ನ ಮಿಷನ್ ಹತ್ತಿರವೇ ಕೂತೆ. ಕಟಿಂಗ್ ಟೇಬಲ್ಲಿನ ಕಡೆ ನೋಡಬಾರದು ಎಂದು ರೊಟ್ಟಿಯನ್ನೇ ನೋಡುತ್ತಿದ್ದೆ. ಮುನಿಲಕ್ಷ್ಮಮ್ಮ ಮಂಡಿ ಹಿಡಿದು ಏಳಲು ಹೋದದ್ದು ಕಣ್ಣಂಚಿನಲ್ಲಿ ಕಂಡಿತು. ಅಷ್ಟರಲ್ಲಿ ಕ್ಯಾಬಿನ್ ಬಾಗಿಲು ತೆರೆಯಿತು, ಅವಳು ವಾಪಸ್ ಕೂತಳು. ಮೇಡಂ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದು ಕೈಯಲ್ಲಿ ಮುಚ್ಚಿದ ಸ್ಟೀಲ್ ಡಬ್ಬಿ ಹಿಡಿದು ಬಂದರು. ನನ್ನ ಮಿಷನ್ನಿನಿಂದ ಸ್ವಲ್ಪ ದೂರದಲ್ಲೇ ನಿಂತುಬಿಟ್ಟರು.

"ಕಲಾ, ಇದ್ರಲ್ಲಿ ಮೀನಿದೆ" ಅಂದರು.

"ಬರ್ರಿ" ಅಂದೆ. "ಕಿಟಕಿ ಮುಂಜಾನೇನ ತೆಗೆದಿಟ್ಟೇನಿ."